ಪಂಪ್‌ಮನೆಯ ಬೆಲ್ಲು

ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು. ಇದು ನಮ್ಮ ಚಿಕ್ಕಮ್ಮನ ಮಗನಿಗೆ ಆದದ್ದು. ಹಲ್ಲು ಕಿರಿದರೆ ಓಣಿಗೆಲ್ಲ ಬೆಳಕು ಅಂತ ಅವನನ್ನು ಬಲ್ಬು ಅಂತಲೇ ಕರೆಯೋದು. ಮೂರು ತಿಂಗಳಿಂದ ಆ ಬಲ್ಬು ಉರಿದಿರಲಿಲ್ಲ.

ಆವತ್ತು ಲಾಂಡ್ರಿ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ಹೊರಟಾಗ ಊರೆಲ್ಲ ಮಲಗಿಯಾಗಿತ್ತು. ದಾರಿ ಕಾರ್ಖಾನೆ ಹಿಂದಿನ ಬಾವಿಯ ಪಕ್ಕದಲ್ಲೇ. ಬಾವಿಗೆ ಅಂಟಿಕೊಂಡು ಪಂಪ್‌ಮನೆ. ಮೂರು ತಿಂಗಳ ಹಿಂದೆ ಅವನ ಅಣ್ಣ ಸತ್ತದ್ದು ಅದರೊಳಗೇ.

ಅಣ್ಣ ತಮ್ಮ ಇಬ್ಬರೂ ಅಲ್ಲಿ ಎಲೆಕ್ಟ್ರಿಷಿಯನ್ನರು. ಅಣ್ಣ ಪಂಪ್‌ಮನೆಯಲ್ಲಿ, ತಮ್ಮ ಕಾರ್ಖಾನೆ ಒಳಗೆ ಸ್ವಿಚ್ ಪ್ಯಾನೆಲ್ ಹತ್ತಿರ. ಮಾತಿಗೆ ಎರಡೂ ಕಡೆ ಒಂದೊಂದು ಬೆಲ್ಲು. ಒಂದು ಉದ್ದ ಹೊಡೆದರೆ ಮೋಟರ್ ಹಾಕು. ಎರಡು ಗಿಡ್ಡ ಹೊಡೆದರೆ ಟೀ ತಗೊಂಡು ಬಾ.

ಬೆಲ್ಲಿಗೆ ಇಪ್ಪತ್ನಾಲ್ಕು ವೋಲ್ಟ್. ಮೋಟರಿಗೆ ನಾನೂರು ಚಿಲ್ಲರೆ. ಎರಡನ್ನೂ ಒಂದೇ ಪ್ಯಾನೆಲ್ಲಿಗೆ ತುರುಕಿದ್ದು ಬಲ್ಬು.

"ಮಧ್ಯೆ ಅಡ್ಡ ಹಲಗೆ ಹಾಕೋ. ಆನೆ ಪಕ್ಕ ಇಲೀನ ಮಲಗಿಸ್ತೀಯಲ್ಲ," ಅಂದಿದ್ದ ಅಣ್ಣ.

"ನಾಳೆ ಹಾಕ್ತೀನಿ ಬಿಡು, ಒಳ್ಳೇ ಕಾಟ ನಿಂದು."

ಆ ನಾಳೆ ಬರಲೇ ಇಲ್ಲ. ಮೋಟರ್ ಹಾಕಿದಾಗಲೆಲ್ಲ ಪ್ಯಾನೆಲ್ ಅದುರಿ, ಬೆಲ್ಲಿನ ಸಣ್ಣ ವೈರು ದೊಡ್ಡ ಲೈನಿನ ಬೋಲ್ಟಿಗೆ ಉಜ್ಜಿ ಉಜ್ಜಿ ಸಿಪ್ಪೆ ಸವೆಯಿತು. ನಾನೂರು ವೋಲ್ಟ್ ಬೆಲ್ಲಿನ ವೈರಿಗೆ ಇಳಿಯಿತು. ಅತ್ತ ಪಂಪ್‌ಮನೆಯಲ್ಲಿ ಅಣ್ಣ, ಸಡಿಲವಾಗಿದ್ದ ಬೆಲ್ಲಿನ ವೈರನ್ನು ಎಂದಿನ ಹಾಗೆ ಬರಿಗೈಯಲ್ಲಿ ತಿರುಚಿದ. ಇಪ್ಪತ್ನಾಲ್ಕು ತಾನೇ... ಕಚಗುಳಿಯೂ ಇಡಲ್ಲ.

ಜನ ಸೇರುವಷ್ಟರಲ್ಲಿ ಬಲ್ಬು ಆ ವೈರನ್ನೆಲ್ಲ ಕಿತ್ತು ಬಚ್ಚಿಟ್ಟ. ಸತ್ತವನದೇ ಅಜಾಗರೂಕತೆ ಅಂದುಬಿಟ್ಟರು. ಅತ್ತಿಗೆಯೂ ನಂಬಿದಳು. ಗೋಡೆಯ ಫೋಟೋಗೆ ದಿನಾ ಬೈಯೋಳು: "ಕರೆಂಟಿಗೆ ಕೈ ಹಾಕೋವಾಗ ನಾನು, ಮಗು ನೆನಪಾಗಲಿಲ್ವಾ ನಿಮಗೆ?" ಬಲ್ಬು ತಲೆ ತಗ್ಗಿಸಿ ತುತ್ತು ನುಂಗುತ್ತಿದ್ದ.

ಸರಿ, ಬಾವಿ ದಾಟುತ್ತಿದ್ದ. ಒಳಗೆಲ್ಲೋ ನೀರಿಗೆ ಏನೋ ಬಿತ್ತು... ಟೊಳಕ್. ಆಮೇಲೆ ಪಂಪ್‌ಮನೆಯಿಂದ...

ಟ್ರಿಣ್. ಟ್ರಿಣ್.

ಎರಡು ಗಿಡ್ಡ.

ಬಲ್ಬು ತಿರುಗಿ ನೋಡಿದ. ಬಾಗಿಲು ಬೆರಳಷ್ಟು ಸರಿಯಿತು... ಕಿರ್‍ರ್.

"ಟೀ ಎಲ್ಲೋ?"

ಪಿಸುದನಿ. ಅಣ್ಣಂದೇ.

"ಅಣ್ಣಾ... ವೈರೇ ಇಲ್ವಲ್ಲ. ನಾನೇ ಕಿತ್ತೆ."

"ಗೊತ್ತು."

ಬಾಗಿಲ ಸಂದಿಯಿಂದ ಮತ್ತೆ ಅದೇ ದನಿ.

"ಅವಳು ದಿನಾ ಬೈತಾಳೆ ಕಣೋ. ಅವಳನ್ನ ಮರೆತು ಹೋದೆ ಅಂದ್ಕೊಂಡಿದ್ದಾಳೆ. ಅದೊಂದು ತಡೆಯಕ್ಕಾಗ್ತಿಲ್ಲ. ಹೇಳಿಬಿಡು."

"ಹೇಳಿದ್ರೆ ಅತ್ತಿಗೆ ನನ್ನ ಮುಖ ನೋಡಲ್ಲ."

"ನೋಡದಿದ್ರೆ ಬೇಡ... ಅಷ್ಟೇನೂ ಚೆನ್ನಾಗಿಲ್ಲ ನಿನ್ನ ಮುಖ."

ಬಲ್ಬು ನಕ್ಕ. ನಗುತ್ತಾ ನಗುತ್ತಾ ಬಿಕ್ಕಿದ. ಕಣ್ಣು ಒರೆಸಿಕೊಂಡು ಬಾಗಿಲು ತಳ್ಳಿದರೆ ಒಳಗೆ ತಣ್ಣನೆಯ ಪಂಪು, ಕತ್ತಲು. ಅಷ್ಟೇ.

ಒಂದೇ ಓಟ. ಅತ್ತಿಗೆಯನ್ನು ಎಬ್ಬಿಸಿ ಹೊಸ್ತಿಲಲ್ಲೇ ಎಲ್ಲ ಹೇಳಿದ. ಹಲಗೆ, ಬೋಲ್ಟು, ಕಿತ್ತ ವೈರು, ಎಲ್ಲ. ಅವಳು ಹೊಡೆಯಲಿಲ್ಲ, ಬೈಯಲೂ ಇಲ್ಲ. ಇಷ್ಟೇ ಕೇಳಿದಳು:

"ಹಾಗಾದ್ರೆ... ಅವರು ಸರಿಯಾಗೇ ಮಾಡಿದ್ರಾ?"

"ಹೂಂ ಅತ್ತಿಗೆ. ಸರಿಯಾಗೇ ಮಾಡಿದ."

ಅವಳು ಅಟ್ಟದ ಮೇಲಿಂದ ಆಸ್ಪತ್ರೆಯವರು ಕೊಟ್ಟಿದ್ದ ಚೀಲ ಇಳಿಸಿದಳು. ಸಿಟ್ಟಿಗೆ ಒಮ್ಮೆಯೂ ಬಿಚ್ಚಿರಲಿಲ್ಲ. ಗಂಟು ಬಿಗಿದು ಕಲ್ಲಾಗಿತ್ತು, ಹಲ್ಲಲ್ಲಿ ಕಚ್ಚಿ ಬಿಚ್ಚಿದಳು. ಒಳಗೆ ಅಣ್ಣನ ಚಪ್ಪಲಿ, ಅದರ ಅಡಿಯಲ್ಲೆಲ್ಲ ಬಾವಿ ಕಡೆಯ ಮಣ್ಣು. ಬಲ್ಬು ಬಟ್ಟೆ ತಂದು ಒರೆಸಲು ಹೋದರೆ ಕೈ ಹಿಡಿದಳು.

"ಬೇಡ... ಇರಲಿ ಬಿಡು. ಈಗ ತಾನೇ ಬಂದಿದ್ದಾರೆ."

ನಗೋರು ನಗಿ. ನನ್ನ ಮಾತು ಯಾರೂ ನಂಬಲ್ಲ, ಗೊತ್ತು. ಆದರೆ ಬೆಳಿಗ್ಗೆ ಹೋಗಿ ನಾನೇ ಮುಟ್ಟಿ ನೋಡಿದೆ. ಮೂರು ತಿಂಗಳು ಚೀಲದೊಳಗೇ ಇದ್ದದ್ದು, ತಿಂಗಳಿಂದ ಒಂದು ಹನಿ ಮಳೆಯೂ ಇಲ್ಲ. ಚಪ್ಪಲಿ ಅಡಿಯ ಮಣ್ಣು ಇನ್ನೂ ಹಸಿ ಇತ್ತು.