ನಿಮ್ಮ ಆಯಿ ಕೇಳಿದ ವಿಮಾನ

ಅಲ್ಲಲ್ಲ, ಎಂಜಿನ್ ವಿಮಾನಾನ ಎತ್ತೂದಿಲ್ಲೋ ತಮ್ಮಾ, ಅದು ಮುಂದಕ್ಕ ದಬ್ಬತೈತಿ ಅಷ್ಟ. ಎತ್ತೂದು ಗಾಳಿ. ನಿನ್ನಿ ಖಾನಾಪುರ ಬಸ್ಸಿನ್ಯಾಗ ಕಿಡಕಿ ಹೊರಗ ಕೈ ಹಾಕಿ ಬೈಸ್ಕೊಂಡಿ ನೋಡು, ಅಂಗೈ ಮುಂದಿನ ಅಂಚು ತುಸು ಎತ್ತಿ ಹಿಡದ್ರ ಕೈ ತಾನ ಮ್ಯಾಲ ಹೋಗತೈತಿಲ್ಲ? ರೆಕ್ಕಿನೂ ಹಂಗ. ಅದು ಗಾಳೀನ ಕೆಳಗ ದಬ್ಬತೈತಿ, ಗಾಳಿ ಅದನ್ನ ಮ್ಯಾಲ ದಬ್ಬತೈತಿ. ಬಸ್ ನಿಂತ್ರ ಕೈ ಧಪ್ ಅಂತ ಬೀಳತೈತಿ. ಜಲ್ಮೆಲ್ಲಾ ಸಾಲ್ಯಾಗ ಇದನ್ನ ಹೇಳಿದಾಂವ ನಾನು. ನಿಮ್ಮ ಆಯಿಗೂ ಹೇಳಿದ್ನಿ, ಇದ ಟಿಳಕವಾಡಿ ಮನ್ಯಾಗ, ಇದ ಕಟ್ಟಿ ಮ್ಯಾಲ. ಆ ದರಿದ್ರ ಕೊರೊನಾ ಕಾಲ ಅದು. ನೀವು ಸಣ್ಣವರು, ಪುಣೇದಾಗ ಸಿಕ್ಕೊಂಡಿದ್ರಿ, ನಿಮ್ಮಪ್ಪ ದಿನಾ ಫೋನ್‌ನ್ಯಾಗ ಅವ್ವನ್ನ ನೆನಸಿ ಅಳಾಂವ. ಸಾಂಬ್ರಾ ಏರ್‌ಪೋರ್ಟಿನಿಂದ ಒಂದೂ ವಿಮಾನ ಹಾರ್ತಿದ್ದಿಲ್ಲ. ಆಭಾಳ ಬರೇ ಖಾಲಿ.

ಆಯಿಗೆ ಜ್ವರ ಬಂದಿತ್ತು. ಕೆಮ್ಮಿಕೋತ, ಕೆಮ್ಮಿಕೋತ ಅಂದ್ಲು, "ರೀ, ಒಂದ ಮಾತ ಕೊಡ್ರಿ. ನನ್ನ ವಿಮಾನದಾಗ ಕುಂದ್ರಸ್ತೀರಿಲ್ಲ?" ನಾ ನಕ್ಕಬಿಟ್ನಿ. "ಅದಕ್ಕೇನಾತ, ಎಲ್ಲಾ ಸುರು ಆಗಲಿ, ಸಾಂಬ್ರಾಕ್ಕ ಹೋಗೂಣು, ಕಿಡಕಿ ಬಾಜು ಕುಂದ್ರಸ್ತೀನಿ" ಅಂದ್ನಿ. ಆಕಿ ನನ್ನ ಮಾರಿ ನೋಡಿದ್ಲು. ಪಾಪ ಅಂಜ್ಯಾಳ ಅಂತ ತಿಳದು, ನಾ ಮಾಸ್ತರಕಿ ಸುರು ಮಾಡಿದ್ನಿ. ಭಾರ ಕೆಳಗ ಜಗ್ಗತೈತಿ, ಎಂಜಿನ್ ಮುಂದ ದಬ್ಬತೈತಿ, ಎದರ ಗಾಳಿ ಹಿಂದ ತಡೀತೈತಿ, ರೆಕ್ಕಿ ಕೆಳಗಿನ ಗಾಳಿ... ಅಂದ್ರ, ಕೆಳಗಿಂದಷ್ಟ ಅಲ್ಲ, ಮ್ಯಾಲಿಂದೂ ಸೇರಿ, ಗಾಳಿ ಹೆಗಲ ಕೊಡ್ತೈತಿ, ಓಡೂತನಕಾ ಬಿಡೂದಿಲ್ಲ, ಅಂಜಬ್ಯಾಡ ಅಂದ್ನಿ. ಆಕಿ ಸಣ್ಣ ದನಿಲೆ ಅಂದ್ಲು, "ನನಗ ಗಾಳಿ ಹೆಗಲ ಬ್ಯಾಡ್ರೀ, ಮಂದಿ ಹೆಗಲ ಬೇಕು." ಜ್ವರದಾಗ ಏನೋ ಬಡಬಡಸ್ತಾಳ ಅಂತ ತಿಳದ್ನಿ ನಾ.

ಮರದಿನ ದವಾಖಾನಿಗೆ ಒಯ್ದ್ರು. ನನ್ನ ಒಳಗ ಬಿಡಲಿಲ್ಲ, ಯಾರನ್ನೂ ಬಿಡ್ತಿದ್ದಿಲ್ಲ. ಖಾನಾಪುರದಿಂದ ಆಕಿ ತಂಗಿ ಗಂಗವ್ವ ಫೋನ್ ಮಾಡಿದ್ಲು. ಅಕ್ಕ ವಿಮಾನ ಕೇಳಿದ್ಲವಾ, ಅರಾಮ ಆದಮ್ಯಾಲ ಕರಕೊಂಡ ಹೋಗ್ತೀನಿ ಅಂದ್ನಿ. ಗಂಗವ್ವ ಹೋ ಅಂತ ಅತ್ತಬಿಟ್ಲು. "ಮಾಮಾರ, ಆಕಿ ಹಾರೂ ವಿಮಾನ ಕೇಳಿಲ್ರೀ! ಸತ್ತವರನ್ನ ಕುಂದ್ರಸೂ ವಿಮಾನ ಕೇಳ್ಯಾಳ್ರೀ! ಟಿವ್ಯಾಗ ಹೆಣಾ ಚೀಲದಾಗ ಕಟ್ಟಿ ಕುಣ್ಯಾಗ ಒಗ್ಯೂದು ನೋಡಿದಾಗಿಂದ ಅದ ಅಂಜಿಕಿ ಆಕಿಗೆ!"

ನೀವು ನೋಡಿಲ್ಲ ಅದನ್ನ. ನಮ್ಮ ಮಂದ್ಯಾಗ ಸತ್ತವರನ್ನ ಮಲಗ್ಸೂದಿಲ್ಲ. ಬಿದರಲೆ ವಿಮಾನ ಕಟ್ಟಿ, ಬಾಳಿಕಂಬ, ಹೂ ಹಾಕಿ, ಅದರಾಗ ಕುಂದ್ರಿಸಿ, ಹೆಗಲ ಮ್ಯಾಲ ಹೊತ್ತ ಒಯ್ತಾರ, ಭಜನಿ ಮಾಡಿಕೋತ. ಊರಾಗ ಯಾರದ ವಿಮಾನ ಎದ್ದರೂ ನಿಮ್ಮ ಆಯಿ ರೊಟ್ಟಿ ಬಡಿಯೂದು ಬಿಟ್ಟ ಓಡಾಕಿ. ಅಂಥಾಕಿ ನನ್ನ ಹಂತ್ಯಾಕ ಅಷ್ಟ ಒಂದ ಕೇಳಿದ್ಲು. ನಾ ಆಕಿಗೆ ರೆಕ್ಕಿ ಪಾಠ ಹೇಳಿದ್ನಿ!

ಆಕಿ ತಿರುಗಿ ಬರಲಿಲ್ಲ. ದವಾಖಾನಿಯವರು ಚೀಲದಾಗ ಸುತ್ತಿ, ಗಾಡ್ಯಾಗ ಮಲಗಿಸಿ ಒಯ್ದ್ರು. ಹೌದು, ಮಲಗಿಸಿ. ಅವರರ ಏನ ಮಾಡ್ಯಾರು, ಅವರೂ ಅಂಜಿದ್ರು. ನಾ ದೂರ ನಿಂತಿದ್ನಿ. ಒಂದ ಹೆಗಲೂ ಹತ್ತಲಿಲ್ಲ ಆಕಿಗೆ, ನನ್ನದೂ ಹತ್ತಲಿಲ್ಲ. ಈಗ ದಿನಾ ಸಾಂಬ್ರಾ ವಿಮಾನ ತಲಿ ಮ್ಯಾಲ ಹೋಗತಾವು, ನೀವು ಚಪ್ಪಾಳಿ ಹೊಡೀತೀರಿ, ನನಗ ಎದಿ ಸುಡತೈತಿ. ಇದು ಆರೂದಲ್ಲ, ನನ್ನ ಕೂಡನ ಹೋಗೂದು.

ತಿಳೀತಿಲ್ಲ? ಮುಪ್ಪಾದವರು ಏನರ ಕೇಳಿದ್ರ, ಉತ್ತರ ಹೇಳೂಕಿಂತ ಮದಲ "ಯಾವ ವಿಮಾನ?" ಅಂತ ಒಂದ ಸಲ ಕೇಳ್ರಿ. ಏಳ್ರಿ ಈಗ, ಊಟಕ್ಕ ಕರಿಯಾಕತ್ತಾರ.