ಸಣ್ಣಪ್ಪನ ಕಣ ಮತ್ತು ಎರಡು ಕಾರು

ವೇದಿಕೆಯ ನಡುಗುರ್ಚಿಯಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಅಧ್ಯಕ್ಷರಾದ ಪರಶಪ್ಪನವರೇ, ರೋಣದಿಂದ ದಯಮಾಡಿಸಿದ ಅತಿಥಿಗಳೇ, ನರಗುಂದದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಗೆಳೆಯರೇ, ಮುಂದಿನ ಸಾಲಿನಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕುಳಿತ ನನ್ನ ತಂಗಿಯಂಥ ಉಡಚವ್ವನವರೇ, ಗಜೇಂದ್ರಗಡದ ಸಭಿಕರೇ,

ನಾನು ನಬೀಸಾಬ. ಬಸ್ಸಿನ ಡ್ರೈವರನಾಗಿದ್ದವನು. ಕುಳಿತು ಮಾಡುವ ನೌಕರಿಯೇ ಆದರೂ ಕುಳಿತಲ್ಲಿ ಕುಳಿತು ಗೊತ್ತಿಲ್ಲ. ಹೀಗೆ ನಿಲ್ಲಿಸಿ ಮಾತಾಡು ಎಂದರೆ ಬಲಗಾಲು ತನ್ನಷ್ಟಕ್ಕೆ ತಾನೇ ಬ್ರೇಕು ಹುಡುಕುತ್ತದೆ. ನಗಬೇಡಿ, ಮೇಜಿನ ಬಟ್ಟೆಯ ಕೆಳಗೆ ಈಗಲೂ ಹುಡುಕುತ್ತಿದೆ.

ನಮ್ಮ ರಿಮೋಟ್ ಕಾರು ಬಳಗದ ವಾರ್ಷಿಕೋತ್ಸವದಲ್ಲಿ ನನಗೆ ಕೊಟ್ಟ ವಿಷಯ ಇದು: ಹೊಸದಾಗಿ ರೇಸಿಗೆ ಇಳಿಯುವವರು ಆನ್‌ರೋಡ್ ಕಾರು ಆರಿಸಬೇಕೋ, ಆಫ್‌ರೋಡ್ ಕಾರು ಆರಿಸಬೇಕೋ? ಎರಡು ನಿಮಿಷದ ವಿಷಯ. ಆನ್‌ರೋಡ್ ಎಂದರೆ ರಸ್ತೆ ಕಾರು. ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ, ಟೈರು ನುಣ್ಣಗೆ, ಓಟ ವಿಪರೀತ. ಆದರೆ ದಾರಿಯಲ್ಲಿ ಒಂದು ಕಡಲೆ ಕಾಳು ಬಿದ್ದಿದ್ದರೂ ಮಗುಚಿಕೊಳ್ಳುತ್ತದೆ. ಆಫ್‌ರೋಡ್ ಎಂದರೆ ಮಣ್ಣಿನ ಕಾರು. ಕಾಲು ಎತ್ತರ, ಟೈರಿಗೆ ಮುಳ್ಳು ಮುಳ್ಳು ಹಲ್ಲು, ದಿಬ್ಬ ಕಂಡರೆ ಹಾರುತ್ತದೆ, ಬಿದ್ದರೂ ಎದ್ದು ಓಡುತ್ತದೆ. ಮುಗಿಯಿತಲ್ಲ? ಮುಗಿಯಲಿಲ್ಲ.

ಯಾಕೆ ಮುಗಿಯಲಿಲ್ಲ ಎಂಬುದು ಬಳಗದವರಿಗೆಲ್ಲ ಗೊತ್ತು. ನಮ್ಮ ಬಳಗಕ್ಕೆ ಇರುವುದು ಒಂದೇ ಜಾಗ, ಯಾವಗಲ್ ಊರಿನ ಉಡಚವ್ವನ ಹೊಲದಲ್ಲಿರುವ, ತೆನೆ ಒಕ್ಕುವ ಕಣ. ಅದನ್ನು ಹಾಗೇ ಉಳಿಸಿ ರಸ್ತೆ ಕಾರು ಓಡಿಸೋಣ ಎಂದು ಅರ್ಧ ಮಂದಿ. ಅಗೆದು ದಿಬ್ಬ ಹಾಕಿ ಮಣ್ಣಿನ ಕಾರು ಹಾರಿಸೋಣ ಎಂದು ಇನ್ನರ್ಧ ಮಂದಿ. ಮತ ಸಮಸಮ ಬಿತ್ತು. ಉಳಿದದ್ದು ನನ್ನ ಮತ. ಅದನ್ನು ಈ ಭಾಷಣ ಮುಗಿಯುವುದರೊಳಗೆ ಹೇಳಬೇಕೆಂದು ಅಧ್ಯಕ್ಷರ ಅಪ್ಪಣೆ. ಸ್ವಲ್ಪ ನೀರು ಕುಡಿಯುತ್ತೇನೆ.

ಕಣಕ್ಕೆ ಕಾರು ಹೇಗೆ ಬಂತು ಎಂದು ಅತಿಥಿಗಳು ಆಗಲೇ ಕೇಳಿದರು. ನನ್ನದು ಯಾವಗಲ್ಲಿನ ವಸ್ತಿ ಬಸ್ಸು. ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಹೊರಡುವ ಬಸ್ಸು. ನನಗೆ ಊಟ ಹಾಕುತ್ತಿದ್ದದ್ದು ಈ ಉಡಚವ್ವನವರ ಮನೆ. ಅವರ ಯಜಮಾನ ಸಣ್ಣಪ್ಪ ನನ್ನ ಜೀವದ ಗೆಳೆಯ. ಇಬ್ಬರೂ ಒಮ್ಮೆ ಹುಬ್ಬಳ್ಳಿಯಲ್ಲಿ ರಿಮೋಟ್ ಕಾರಿನ ರೇಸು ನೋಡಿ ಮಕ್ಕಳಿಗಿಂತ ಕಡೆಯಾದೆವು. ಕಾರು ತರಿಸುವುದೆಂದಾಯಿತು. ಯಾವುದು? ಅಲ್ಲೇ ಶುರುವಾಯಿತು ಜಗಳ.

ಸಣ್ಣಪ್ಪ ಹೇಳಿದ, "ನಬೀ, ಹಾರೂದು ತೊಗೊಳ್ಳೋಣೋ. ನಮ್ಮ ನೆಲಕ್ಕ ಅದಽ ಚಲೋ."

ನಾನು ಹೇಳಿದೆ, "ಏ ಹುಚ್ಚಾ, ಹಾರೂದು ಸಾಕಾಗೇತಿ ನನಗ. ದಿನಾ ಗುಂಡಿ ಹಾರಿಸಿ ಹಾರಿಸಿ ನಡಾ ಹೋಗೇತಿ. ಆಟಿಗಿ ಗಾಡಿನಾರ ನುಣ್ಣನ್ನ ರಸ್ತಾದಾಗ ಓಡ್ಲಿ."

ಸಣ್ಣಪ್ಪ ತನಗೆ ಮಣ್ಣಿನ ಕಾರು ತರಿಸಿಕೊಂಡ, ನಾನು ರಸ್ತೆ ಕಾರು. ತಂದ ಮೇಲೆ ಹೊಳೆಯಿತು, ನುಣ್ಣನೆಯ ರಸ್ತೆ ಎಲ್ಲಿದೆ? ಡಾಂಬರು ರಸ್ತೆಗೆ ಹೋದರೆ ಅಲ್ಲಿ ಜೋಳ, ಕಡಲೆ, ಹುರುಳಿ ಹರವಿದ್ದಾರೆ. ಬಸ್ಸು ಲಾರಿ ಹಾಯ್ದು ಕಾಳು ಉದುರಲಿ ಎಂದು ರೈತರು ರಸ್ತೆಯನ್ನೇ ಕಣ ಮಾಡಿಕೊಂಡ ಕಾಲ. ಸಣ್ಣಪ್ಪ ನಕ್ಕು ಅಂದ, "ರಸ್ತಾ ಕಣ ಆಗೇತಿ. ಹಂಗಾರ ಕಣಾನ ರಸ್ತಾ ಮಾಡೂಣಂತ ಬಾ. ನಾ ಮಾಡಿಕೊಡ್ತೀನಿ ನಿನಗ."

ಮಾಡಿಕೊಟ್ಟ ನೋಡಿ! ಎಷ್ಟೋ ವರ್ಷಗಳಿಂದ ಹಂತಿ ಕಟ್ಟಿ ಎತ್ತಿನಿಂದ ತೆನೆ ತುಳಿಸದೆ, ಉತ್ತು ಹರಗಿ ಹೊಲದಲ್ಲಿ ಸೇರಿಸಿದ್ದ ಕಣ. ಹುಲ್ಲು ಕೆತ್ತಿದ, ನೀರು ಹೊಡೆದ, ಎತ್ತು ಹೂಡಿ ಉರುಳುಗಲ್ಲು ಆಡಿಸಿದ, ಸಗಣಿ ಸಾರಿಸಿದ. ನಡುವೆ ಮೇಟಿ ಕಂಬ ಮತ್ತೆ ನೆಟ್ಟ. ಎತ್ತು ಸುತ್ತುತ್ತಿದ್ದ ಕಂಬದ ಸುತ್ತ ನನ್ನ ಕೆಂಪು ಕಾರು ಸುತ್ತಬೇಕು. ಊರಿಗೆ ಊರೇ ನಿಂತಿತ್ತು.

ಕಣಕ್ಕೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ, ಅದು ಅನ್ನ ಬೀಳುವ ಜಾಗ. ನಾವೂ ಬರಿಗಾಲಲ್ಲಿ ಹೋದೆವು. ಕಾರು ಕೆಳಗಿಡುವಷ್ಟರಲ್ಲಿ ಉಡಚವ್ವ ಅಡ್ಡ ಬಂದರು. "ಯಣ್ಣಾ, ನಿನ್ನ ಕಾಲ ತೊಳಕೊಂಡಿ, ಗಾಡಿ ಕಾಲ? ಬೀದಿ ಎಲ್ಲಾ ತಿರಗಿ ಬಂದೈತದು!" ಖರೇ ಮಾತು. ಸಣ್ಣಪ್ಪ ಕಾರನ್ನು ಎತ್ತಿಕೊಂಡು ಹೋಗಿ, ಎತ್ತಿನ ಮೈ ತೊಳೆದ ಹಾಗೆ ಬಕೀಟಿನಲ್ಲಿ ಅದ್ದಿ ಅದ್ದಿ ತೊಳೆದ. ತಂದಿಟ್ಟ. ನಾನು ರಿಮೋಟು ಒತ್ತಿದೆ. ಒಳಗಿಂದ ಒಂದಿಷ್ಟು ಹೊಗೆ ಬಂತು, ಕಾರು ಸತ್ತಿತ್ತು. ಮಂದಿಯೆಲ್ಲ ಬಾಗಿ ಕಾರು ನೋಡಿದರು. ಉಡಚವ್ವ ಮಾತ್ರ, "ಶುದ್ಧ ಆಗಿ ಹೋತು ಬಿಡ, ಪುಣ್ಯಾತ್ಮ," ಅಂದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ನೋಡಿ, ಈಗಲೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಾರೆ.

ಆಮೇಲೆ ರಿಪೇರಿಯಾಯಿತು, ಓಡಿತು, ಬಳಗ ಬೆಳೆಯಿತು. ಸಣ್ಣಪ್ಪನ ಮಣ್ಣಿನ ಕಾರು ಮಾತ್ರ ಡಬ್ಬಿಯಲ್ಲೇ ಉಳಿಯಿತು. ಅದರ ಹಲ್ಲಿನ ಟೈರು ಕಣ ಕೆದರಿ ಹಾಕೀತೆಂಬ ಹೆದರಿಕೆ. "ಮೊದಲ ನಿಂದು ಓಡ್ಲಿ, ನಂದು ಆಮ್ಯಾಲ," ಎನ್ನುತ್ತಿದ್ದ. ಆ ಆಮೇಲೆ ಬರಲಿಲ್ಲ. ಎದೆ ನೋವೆಂದ, ದವಾಖಾನೆಗೆ ಒಯ್ದೆವು, ಒಬ್ಬನನ್ನು ಬಿಟ್ಟು ಉಳಿದವರು ಮರಳಿ ಬಂದೆವು.

ಇದೇನು, ರೇಸಿನ ವಿಷಯ ಬಿಟ್ಟು ಎಲ್ಲಿಗೋ ಹೋದೆ. ಅಧ್ಯಕ್ಷರೇ, ಗಡಿಯಾರ ನೋಡಬೇಡಿ, ಮುಗಿಸುತ್ತೇನೆ. ಹಾಂ, ಕಣ. ಅಂದಿನಿಂದ ಮೂರು ವರ್ಷ ಆ ಕಣವನ್ನು ನಾನೇ ಸಾರಿಸಿದ್ದೇನೆ. ಬಿರುಕು ಬಿಟ್ಟಲ್ಲಿ ಮಣ್ಣು ಮೆತ್ತಿದ್ದೇನೆ. ಎಲ್ಲಿಯೂ ನಿಲ್ಲದ ಈ ಕಾಲು ಅಲ್ಲಿ ನಿಲ್ಲುತ್ತದೆ. ಅಗೆಯೋಣ ಎಂದವರ ಮೇಲೆ ಹರಿಹಾಯ್ದಿದ್ದೇನೆ: "ನಿಮಗ ಕರುಳಿಲ್ಲೇನ್ರೋ? ಉಡಚವ್ವನ ಜೀವಕ್ಕ ಹ್ಯಾಂಗಾದೀತು?" ಸಭೆ ಸಭೆಯಲ್ಲಿ ಹೇಳಿದೆ. ಉಡಚವ್ವನನ್ನು ಒಂದು ಮಾತು ಕೇಳಿದೆನೇ? ಇಲ್ಲ.

ಇಂದು ಬೆಳಿಗ್ಗೆ ಕೇಳಿದೆ. ಇವರನ್ನು ಕರೆತರಲು ಹೋದವನು ಕಣದ ದಂಡೆಯಲ್ಲಿ ನಿಂತು, "ಯವ್ವಾ, ಹೆದರಬ್ಯಾಡ, ಕಣ ಮುರಿಯಾಕ ನಾ ಬಿಡೂದಿಲ್ಲ," ಎಂದೆ. ಇವರು ಕಣದ ಕಡೆ ಕೈ ತೋರಿಸಿ ಹೇಳಿದರು:

"ಯಣ್ಣಾ, ಸುಗ್ಗಿ ಮುಗದ ಮ್ಯಾಲ ಕಣ ಹರಗಿ ಹೊಲ ಮಾಡೂದು ನಮ್ಮ ಪದ್ಧತಿ. ಮತ್ತ ಬೇಕಂದಾಗ ಮತ್ತ ಮಾಡೂದು. ಹರಗಲಾರದಂಗ ಇಟ್ಟರ ಅದು ಕಣ ಅಲ್ಲ, ಗೋರಿ. ನೀ ಸಾರಿಸಿ ಸಾರಿಸಿ ಅವರಿಗೆ ಗೋರಿ ಕಟ್ಟೀದಿ. ನಾ ದಿನಾ ಅದರ ಬಾಜೂ ಹಾದು ನೀರಿಗೆ ಹೋಗಬೇಕು."

ನಾನು ಅಂದೆ, "ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ, ತಂಗಿ?"

"ಸಗಣಿ ಕಲಸೂ ಹೊತ್ತಿನ್ಯಾಗ ನಿನ್ನ ಮಾರಿ ನೋಡೀನಲ್ಲಾ. ಹ್ಯಾಂಗ ಹೇಳ್ಲಿ?"

ಸಭಿಕರೇ, ಒಂದು ಕ್ಷಣ. ಧೂಳು, ಈ ಫ್ಯಾನು ಧೂಳು ಹಾರಿಸುತ್ತದೆ.

ಹೊಸಬರಿಗೆ ನನ್ನ ಬುದ್ಧಿಮಾತು ಇಷ್ಟು. ಮಣ್ಣಿನ ಕಾರಿನಿಂದಲೇ ಶುರು ಮಾಡಿರಿ. ನಮ್ಮ ಸೀಮೆಯಲ್ಲಿ ಮಣ್ಣು ಎಲ್ಲರಿಗೂ ಸಿಗುತ್ತದೆ. ನುಣ್ಣನೆಯ ರಸ್ತೆ ಬೇಕೆಂದರೆ ಯಾರೋ ಒಬ್ಬರು ಬೆವರು ಸುರಿಸಿ ಮಾಡಿಕೊಡಬೇಕು. ಅಂಥ ಗೆಳೆಯ ಇದ್ದವರು ಮಾತ್ರ ರಸ್ತೆ ಕಾರು ತೆಗೆದುಕೊಳ್ಳಿ. ನನಗೆ ಇದ್ದ.

ನನ್ನ ಮತ ಅಗೆಯುವುದಕ್ಕೆ. ಚಪ್ಪಾಳೆ ಬೇಡ, ಕೈ ಇಳಿಸಿ. ಉಡಚವ್ವನವರ ಮಡಿಲಲ್ಲಿರುವ ಚೀಲದಲ್ಲಿ ಸಣ್ಣಪ್ಪನ ಕಾರು ಇದೆ. ನಾಳೆ ಮೊದಲ ದಿಬ್ಬವನ್ನು ಅದೇ ಹಾರುತ್ತದೆ, ಓಡಿಸುವವರು ಅವರೇ. ತೊಳೆಯುವ ಅಗತ್ಯವಿಲ್ಲ, ತಂಗಿ.

ಎಲ್ಲರೂ ಗುದ್ದಲಿ ತನ್ನಿ, ಬುಟ್ಟಿ ತನ್ನಿ. ನಾಳೆಯಿಂದ ಅದು ಬರೀ ಹೊಲ, ಚಪ್ಪಲಿ ಹಾಕಿಕೊಂಡೇ ಬನ್ನಿ. ನಾನೊಬ್ಬ ಮಾತ್ರ ಸ್ವಲ್ಪ ಮುಂಚೆ ಬರುತ್ತೇನೆ, ಬರಿಗಾಲಲ್ಲಿ. ಕಾಲು ನಿಲ್ಲುವಷ್ಟು ಹೊತ್ತು ನಿಂತು, ಮೊದಲ ಗುದ್ದಲಿ ನಾನೇ ಹಾಕುತ್ತೇನೆ.

ಇಷ್ಟು ಹೊತ್ತು ತಾಳಿಕೊಂಡ ಅಧ್ಯಕ್ಷರಿಗೆ, ಅತಿಥಿಗಳಿಗೆ, ಮೂರು ವರ್ಷ ತಾಳಿಕೊಂಡ ಉಡಚವ್ವನವರಿಗೆ ಋಣಿಯಾಗಿದ್ದೇನೆ. ನಮಸ್ಕಾರ.