ಗೋಳಿಮರದ ಬಾವಿ ಮತ್ತು ಗುಡಿಸುವ ಹಡಗಿನವ

ದೀಪ ಸ್ವಲ್ಪ ಸಣ್ಣ ಮಾಡಿ. ಮಕ್ಕಳು ಮಲಗಿದರಾ? ಸರಿ... ನಗುವವರು ಈಗಲೇ ನಕ್ಕು ಮುಗಿಸಿ ಮಾರಾಯ್ರೇ, ನಡುವೆ ಬಾಯಿ ಹಾಕಬೇಡಿ. ಇದು ನಮ್ಮ ನೆರೆಮನೆಯ ಮೊಯಿದಿನಬ್ಬನಿಗೆ ಆದದ್ದು. ಎಲ್ಲೂರಿನಲ್ಲಿ ಜೀನಸಿನ ಅಂಗಡಿ ಇಟ್ಟಿದ್ದನಲ್ಲ, ಅವನಿಗೆ.

ಎಮರ್ಜೆನ್ಸಿ ಮುಗಿದ ಮರುವರ್ಷ. ಮೊಯಿದಿನಬ್ಬ ಮತ್ತು ಅವನ ಶಾಲೆಯ ದೋಸ್ತಿ ಪ್ಯಾಟ್ರಿಕ್, ಪಡುಬಿದ್ರಿಯಲ್ಲಿ ಕೊನೆಯ ಬಸ್ಸಿಳಿದು ನಡೆದು ಬರುತ್ತಿದ್ದರು. ಮರುದಿನ ಪ್ಯಾಟ್ರಿಕ್ಕನ ತಂಗಿ ಆಂಜೆಲಾಳ ಮದುವೆ. ಪ್ಯಾಟ್ರಿಕ್ ನೌಕಾಪಡೆಯವ, ಮದುವೆಗೆಂದು ರಜೆಯಲ್ಲಿ ಬಂದಿದ್ದ. ಅವನದ್ದು ಯುದ್ಧ ಮಾಡುವ ಹಡಗಲ್ಲ, ಗುಡಿಸುವ ಹಡಗು. ಶತ್ರುಗಳು ನೀರಿನಡಿ ಹುದುಗಿಸಿಟ್ಟ ಮೈನುಗಳನ್ನು ಸಿಡಿಸಿ, ಬೇರೆ ಹಡಗುಗಳಿಗೆ ದಾರಿ ಮಾಡಿಕೊಡುವುದು ಕೆಲಸ. "ಇಲ್ಲಿ ಅಂಗಳ ಗುಡಿಸಲಿಕ್ಕೆ ಸೋಮಾರಿತನ, ಅಲ್ಲಿ ಸಮುದ್ರ ಗುಡಿಸ್ತಾನಂತೆ!" ಅಂತ ಅವನ ತಾಯಿ ಊರೆಲ್ಲ ಹೇಳಿ ನಗುತ್ತಿದ್ದರು.

ದಾರಿಯಲ್ಲಿ ಗೋಳಿಮರ. ಅದರ ಬುಡದಲ್ಲಿ ಹಾಳುಬಾವಿ. ಆ ವರ್ಷ ಇಬ್ಬರು ಅಲ್ಲಿಗೆ ತಲುಪಿದವರು ಆಚೆ ಬರಲೇ ಇಲ್ಲ. ಮೊದಲು ಕಳ್ಳು ಇಳಿಸುವ ಮೂರ್ತೆಯ ಒಬ್ಬ ಮನುಷ್ಯ, ಸೊಂಟದಲ್ಲಿ ಕತ್ತಿ ಇತ್ತು. ಆಮೇಲೆ ಸುಗಂಧಿ ಅಂತ ಒಂದು ಹೆಂಗಸು, ಕೈಯಲ್ಲಿ ಹುಲ್ಲು ಕೊಯ್ಯುವ ಕತ್ತಿ. ಬಾವಿಗೆ ಇಳಿಯಲು ಯಾರಿಗೆ ಧೈರ್ಯ? ಮೇಲೆ ಹಲಗೆ ಹಾಸಿ ಕಲ್ಲು ಹೇರಿದರು. ಅಂದಿನಿಂದ ರಾತ್ರಿ ಹೋಗುವವರೆಲ್ಲ ಕೈಯಲ್ಲಿ ಕಬ್ಬಿಣ ಹಿಡಿದೇ ಹೋಗುವುದು. ಕಬ್ಬಿಣ ಕಂಡರೆ ದೆವ್ವ ಹತ್ತಿರ ಬರುವುದಿಲ್ಲವಲ್ಲ!

ಪ್ಯಾಟ್ರಿಕ್ ಮುಂದೆ ದಾಟಿದ. ಏನೂ ಇಲ್ಲ. ಮೊಯಿದಿನಬ್ಬ ಬಾವಿಯ ಎದುರಿಗೆ ಬಂದದ್ದೇ ತಡ, ಹಲಗೆಯ ಅಡಿಯಿಂದ... ಟಕ್.

ಮರದ ಪೆಟ್ಟಿಗೆಯ ಒಳಗಿನಿಂದ ಯಾರೋ ಬೆರಳ ಗೆಣ್ಣಿನಲ್ಲಿ ಬಡಿದ ಹಾಗೆ.

"ನಿನ್ನ ಹತ್ತಿರ ಕಬ್ಬಿಣ ಎಂತ ಉಂಟು?" ಪ್ಯಾಟ್ರಿಕ್ ಪಿಸುಗುಟ್ಟಿದ.

"ಅಂಗಡಿಯ ಬೀಗದ ಕೈ."

"ಅಲ್ಲೇ ನೆಲಕ್ಕಿಟ್ಟು, ಇನ್ನೊಮ್ಮೆ ದಾಟು."

ಮೊಯಿದಿನಬ್ಬ ಕೀಲಿ ಕೆಳಗಿಟ್ಟು, ಯಾ ಅಲ್ಲಾ ಅಂತ ದಾಟಿದ. ಸದ್ದಿಲ್ಲ. ವಾಪಸು ಬಂದು ಕೀಲಿ ಎತ್ತಿಕೊಂಡು ದಾಟಿದ. ಟಕ್.

"ಇದು ಕಬ್ಬಿಣಕ್ಕೆ ಹೆದರುವುದಲ್ಲ ಮೊಯಿದಿ... ಕಬ್ಬಿಣಕ್ಕೆ ಏಳುವುದು," ಅಂದ ಪ್ಯಾಟ್ರಿಕ್. "ಮೈನಿನ ಜಾತಿಯೇ ಹೀಗೆ. ಅದಕ್ಕೇ ನಮ್ಮ ಹಡಗಿನ ಮೈಯೆಲ್ಲ ಮರ, ಮೊಳೆ ಸಹ ಹಿತ್ತಾಳೆಯದ್ದು. ಕಬ್ಬಿಣದ ಹಡಗಾದರೂ ಕೆಲವನ್ನು ಸುಮ್ಮನೆ ಎಣಿಸಿ ಬಿಡುತ್ತದೆ. ಎಷ್ಟನೆಯದನ್ನು ಹಿಡಿಯುತ್ತದೆ, ಯಾರಿಗೂ ಗೊತ್ತಿಲ್ಲ."

"ಎಂತ ಮಾತಾಡ್ತೀಯ! ಕೀಲಿ ಇತ್ತು, ನಾನು ಬದುಕಿದೆ. ಅದು ಹೆದರಿ ಬಡಿದುಕೊಂಡದ್ದು."

ಪ್ಯಾಟ್ರಿಕ್ಕನ ತಲೆಯಲ್ಲಿ ನಾಳೆಯ ದಿಬ್ಬಣ. ನಾಳೆ ರಾತ್ರಿ ಊಟ ಮುಗಿಸಿ ಮದುಮಗನ ಕಡೆಯವರು ಆಂಜೆಲಾಳನ್ನು ಕರೆದುಕೊಂಡು ಹೋಗುವುದು ಇದೇ ದಾರಿಯಲ್ಲಿ. ಬೇರೆ ದಾರಿ ಇಲ್ಲ, ಗದ್ದೆಯಲ್ಲೆಲ್ಲ ನೀರು. ಅವಳ ಸೀರೆಯ ಸೆರಗಿಗೆ ಅಮ್ಮ ಆಗಲೇ ಒಂದು ಸಣ್ಣ ಕತ್ತಿ ಕಟ್ಟಿ ಇಟ್ಟಿದ್ದರು, ದೃಷ್ಟಿಗೆ, ದೆವ್ವಕ್ಕೆ ಅಂತ. ಬಿಚ್ಚಿ ಅಂದರೆ ಕೇಳುವ ಜೀವವೇ ಅದು?

"ಇವತ್ತೇ ಗುಡಿಸಬೇಕು," ಅಂದ.

ಮದುವೆ ಚಪ್ಪರದಿಂದ ಒಂದು ಟಾರ್ಚು, ನೆಲ ಅಗೆಯುವ ಕಬ್ಬಿಣದ ಪಿಕ್ಕಾಸು ಮತ್ತು ಉದ್ದದ ತೆಂಗಿನ ನಾರಿನ ಹಗ್ಗ ತಂದ. ಮೊದಲ ಸಲ ಬಿಟ್ಟದ್ದು ಈಗಲೂ ಬಿಡಬೇಕೆಂದಿಲ್ಲ ಅಂತ ಕೈಗಡಿಯಾರ ಬಿಚ್ಚಿದ, ಬೆಲ್ಟು ಬಿಚ್ಚಿದ, ಎಲ್ಲ ಮೊಯಿದಿನಬ್ಬನ ಕೈಗೆ ಕೊಟ್ಟ. ಹಗ್ಗದ ಒಂದು ತುದಿ ತನ್ನ ಸೊಂಟಕ್ಕೆ, ಇನ್ನೊಂದು ತುದಿ ಪಿಕ್ಕಾಸಿಗೆ. ಹಡಗಿನಲ್ಲೂ ಹೀಗೆಯೇ ಅಂತೆ. ಮರದ ಹಡಗು ಮುಂದೆ ಹೋಗುವುದು, ಕಬ್ಬಿಣದ ಹಡಗು ಬಂತು ಅಂತ ಮೈನಿಗೆ ಮೋಸ ಮಾಡುವ ಕೇಬಲ್ಲು ಎಷ್ಟೋ ಹಿಂದೆ ತೇಲಿ ಬರುವುದು. ಸಿಡಿದರೆ ಹಿಂದೆ ಸಿಡಿಯಲಿ.

"ಏನಾದರೂ ಆದರೆ ನಾಳೆ ಮುಗಿಯುವ ತನಕ ಬಾಯಿ ಬಿಡಬೇಡ. ನನ್ನ ಆಣೆ."

"ಥೂ, ಬಿಡ್ತು ಅನ್ನು!"

ಪ್ಯಾಟ್ರಿಕ್ ನಡೆದ. ಹಿಂದೆ ಮುರಕಲ್ಲಿನ ಮೇಲೆ ಪಿಕ್ಕಾಸು ಎಳೆಯುವ ಸದ್ದು... ಕರ್ರ್... ಕರ್ರ್... ಪಿಕ್ಕಾಸು ಬಾವಿಯ ಹತ್ತಿರ ಬಂದಾಗ ಟಕ್. ಪ್ಯಾಟ್ರಿಕ್ ಅಷ್ಟರಲ್ಲಿ ಎಷ್ಟೋ ಮುಂದೆ. ಆಚೆ ತುದಿಯಿಂದ ತಿರುಗಿ ಬಂದ. ಕರ್ರ್... ಕರ್ರ್... ಟಕ್. ಹೋದ, ಬಂದ, ಹೋದ, ಬಂದ. ಒಂದೊಂದು ಸಲಕ್ಕೂ ಆ ಬಡಿತ ಜೋರಾಗುತ್ತ, ಹಲಗೆಯ ಮೇಲಿನ ಕಲ್ಲು ಅದುರತೊಡಗಿತು. ಮೊಯಿದಿನಬ್ಬ ದಾರಿಯ ಈ ತುದಿಯಲ್ಲಿ ಕೂತು ನೋಡುತ್ತಿದ್ದ. ಅವನ ಕಣ್ಣಿಗೆ ಕಂಡದ್ದು ಒಂದೇ. ಇಷ್ಟು ದೊಡ್ಡ ದೆವ್ವದ ಎದುರು ಅವನ ದೋಸ್ತಿ ಬರಿಗೈಯಲ್ಲಿ ನಡೆಯುತ್ತಿದ್ದಾನೆ, ಮೈಮೇಲೆ ಒಂದು ಚೂರು ಕಬ್ಬಿಣ ಇಲ್ಲದೆ.

ಈ ಕಡೆ ಬಂದಾಗ ಪ್ಯಾಟ್ರಿಕ್ ಬೆವರಿ ನೀರಾಗಿದ್ದ. "ಇನ್ನು ಸ್ವಲ್ಪ... ಏಳುತ್ತದೆ," ಅಂದ.

ಮೊಯಿದಿನಬ್ಬ ಅವನನ್ನು ಅಪ್ಪಿ ಹಿಡಿದ. ಹಿಡಿದವನು, ಗೊತ್ತಾಗದ ಹಾಗೆ, ಆ ಕೀಲಿಯನ್ನು ಅವನ ಅಂಗಿಯ ಕಿಸೆಗೆ ಇಳಿಸಿದ. ಪ್ರೀತಿಯಿಂದ ಮಾಡಿದ್ದು ಮಾರಾಯ್ರೇ! ನಮ್ಮ ಕಡೆ ಬಾಣಂತಿಯ ದಿಂಬಿನಡಿ ಕತ್ತಿ ಇಡುವುದಿಲ್ಲವಾ, ಹಾಗೆ.

ಪ್ಯಾಟ್ರಿಕ್ ಹೋದ. ಬಾವಿಯ ಎದುರಿಗೆ ಬಂದ.

ಟಕ್ ಅನ್ನಲಿಲ್ಲ.

ಧುಂ... ಅಂತ ನೆಲದ ಅಡಿಯಿಂದ ಒಂದೇ ಒಂದು ಸದ್ದು. ಕಿವಿಗೆ ಕೇಳಿದ್ದಲ್ಲ, ಅಂಗಾಲಿಗೆ ತಾಗಿದ್ದು. ಗೋಳಿಮರದ ಎಲೆಗಳೆಲ್ಲ ಒಮ್ಮೆ ಸರ್ರ್ ಅಂದು ನಿಂತವು. ಮೊಯಿದಿನಬ್ಬ ಟಾರ್ಚು ಹಾಕಿದ. ದಾರಿಯಲ್ಲಿ ಯಾರೂ ಇಲ್ಲ. ಅವನ ಕಾಲ ಬುಡದಲ್ಲಿ ಪಿಕ್ಕಾಸು, ಅದರಿಂದ ಬಾವಿಯ ತನಕ ಹಗ್ಗ. ಎಳೆದ. ಸಲೀಸಾಗಿ ಬಂತು. ತುದಿಯಲ್ಲಿ ಸೊಂಟಕ್ಕೆ ಕಟ್ಟಿದ ಕುಣಿಕೆ, ಗಂಟು ಬಿಚ್ಚಿಯೇ ಇಲ್ಲ. ಬಾವಿಯ ಮೇಲಿನ ಹಲಗೆ, ಕಲ್ಲು, ಎಲ್ಲ ಇದ್ದ ಹಾಗೇ ಉಂಟು.

ಅಲ್ಲೇ ಕೂತು ತಲೆ ಚಚ್ಚಿಕೊಂಡ. ನಾನೇ ಕೊಂದೆ, ನಾನೇ ಕೊಂದೆ ಅಂತ. ಆದರೆ ಆಣೆ ಇತ್ತಲ್ಲ. ಬೆಳಿಗ್ಗೆ ಮದುವೆ ಮನೆಗೆ ಹೋಗಿ, ಹಡಗಿನಿಂದ ತಂತಿ ಬಂತು, ರಾತ್ರಿಯೇ ಹೊರಟ ಅಂದುಬಿಟ್ಟ. ತಾಯಿ ನೌಕಾಪಡೆಗೆ ಶಾಪ ಹಾಕಿದರು. ರಾತ್ರಿ ಪೆಟ್ರೊಮ್ಯಾಕ್ಸ್ ಹಿಡಿದ ದಿಬ್ಬಣ ಗೋಳಿಮರದ ಎದುರು ದಾಟಿತು, ಮದುಮಗಳ ಸೆರಗಿನಲ್ಲಿ ಆ ಕತ್ತಿ. ಒಂದು ಸದ್ದಿಲ್ಲ. "ಹೇಳದೆ ಹೋದನಲ್ಲ ಅಣ್ಣ. ಅವನು ಬರಲಿ, ನಾನು ಮಾತೇ ಆಡುವುದಿಲ್ಲ," ಅಂತ ಆಂಜೆಲಾ ಅಳುತ್ತ ನಡೆದಳು. ಮೊಯಿದಿನಬ್ಬ ಅವಳ ಟ್ರಂಕು ಹೊತ್ತು ಹಿಂದೆ ಬರುತ್ತಿದ್ದ.

ರಜೆ ಮುಗಿದ ಮೇಲೆ ನೌಕಾಪಡೆಯವರು ಹುಡುಕಿಕೊಂಡು ಬಂದರು. ಆಗ ಮೊಯಿದಿನಬ್ಬ ಎಲ್ಲ ಹೇಳಿದ. ಯಾರು ನಂಬುತ್ತಾರೆ? ಪೊಲೀಸರು ಹಲಗೆ ತೆಗೆಸಿ, ಪಂಪು ಇಟ್ಟು ಬಾವಿ ಬರಿದು ಮಾಡಿಸಿದರು. ಒಳಗೆ ಒಂದು ಎಲುಬಿನ ಚೂರೂ ಸಿಗಲಿಲ್ಲ.

ನೀವು ನಂಬಿ, ಬಿಡಿ, ನನಗೆ ಎಂತ ಆಗಬೇಕು. ಪಂಪಿನ ಬಾಯಿಯ ಹತ್ತಿರ ನಿಂತಿದ್ದವ ನಾನು. ಹಾರಿದ ನೀರು ತುಟಿಗೆ ಬಿತ್ತು. ಅಲ್ಲಿಂದ ಸಮುದ್ರ ಎಷ್ಟೋ ಮೈಲಿ ದೂರ, ನಿಮಗೇ ಗೊತ್ತುಂಟಲ್ಲ. ಆ ನೀರು ಉಪ್ಪು.